ಗೆಳೆಯರ ಮನೆಗಳೇ ಮೈಲಿಗಲ್ಲು

‘ಹಿಮಾಚಲದಲ್ಲಿ ನಮಗೆ ಗೊತ್ತಿರೋರು ಎಷ್ಟು ಜನ ಇದ್ದಾರೆ?’ ಎಂದು ಹೆಂಡತಿ ಕೇಳಿದಳು. ಲೆಕ್ಕ ಹಾಕಿದರೆ ಮೂವರು ಸಿಕ್ಕರು. ಸೋಲನ್‌ನಲ್ಲಿ ಅವಳ ಪಿಯುಸಿ ಗೆಳತಿ, ರಾಮಪುರದ ಹತ್ತಿರದ ಝಾಕ್ರಿಯಲ್ಲಿ ನನ್ನ ಹಾಸ್ಟೆಲ್ ರೂಮ್‌ಮೇಟ್, ಮಂಡಿಯ ಬಳಿ ಎಂ.ಟೆಕ್ ಸಹಪಾಠಿ. ನೋಯ್ಡಾಕ್ಕೆ ಬಂದ ಆರು ವರ್ಷಗಳಲ್ಲಿ ನಾವು ಶಿಮ್ಲಾಕ್ಕೂ ಮನಾಲಿಗೂ ಹಲವು ಸಲ ಹೋಗಿದ್ದೆವು. ಇವರಲ್ಲಿ ಒಬ್ಬರ ಮನೆಯ ಬಾಗಿಲನ್ನೂ ತಟ್ಟಿರಲಿಲ್ಲ. ಈ ಸಲ ಮೊದಲು ಮನೆಗಳನ್ನು ಗುರುತಿಸಿ, ಆಮೇಲೆ ಅವುಗಳ ನಡುವೆ ರಸ್ತೆ ಹುಡುಕಿದೆವು.

ಒಂದು 350 ಸಿಸಿ ಬೈಕು, ಲೈಸೆನ್ಸ್ ಇರುವ ಇಬ್ಬರು ಸವಾರರು, ಹತ್ತು ದಿನದ ರಜೆ, ಸುಮಾರು ಒಂದೂವರೆ ಸಾವಿರ ಕಿ.ಮೀ. ಹೊರಟಿದ್ದು ಸೆಪ್ಟೆಂಬರ್ ಕೊನೆಯ ವಾರ. ಆ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಎತ್ತರದ ಕಣಿವೆದಾರಿಗಳನ್ನು ಹಿಮ ಇನ್ನೂ ಮುಚ್ಚಿರುವುದಿಲ್ಲ. ಬೆನ್ನುಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಚಟ್ನಿಪುಡಿ, ಹುರಿಹಿಟ್ಟು ಮತ್ತು ಮೂರು ಪದರ ಪ್ಲಾಸ್ಟಿಕ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಇದ್ದವು.

ಸೋಲನ್‌ನ ಗೆಳತಿ ಔಷಧ ಕಂಪನಿಯಲ್ಲಿದ್ದಾಳೆ. ‘ಏನೇ, ದಾವಣಗೆರೆಯಿಂದ ಹರಿಹರಕ್ಕೆ ಬಂದ ಹಾಗೆ ಬಂದುಬಿಟ್ರಲ್ಲ!’ ಎನ್ನುತ್ತಲೇ ಬಾಗಿಲು ತೆರೆದಳು. ಆ ರಾತ್ರಿ ಇಬ್ಬರೂ ಎಷ್ಟು ಹೊತ್ತಿಗೆ ಮಲಗಿದರೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಅವಳು ಕೊಟ್ಟ ಸಲಹೆ ಯಾವ ಆ್ಯಪ್‌ನಲ್ಲೂ ಸಿಗುವಂಥದ್ದಲ್ಲ: ‘ಶಿಮ್ಲಾ ಪೇಟೆಯೊಳಗೆ ಹೋಗಬೇಡಿ, ಏಳರೊಳಗೆ ದಾಟಿಬಿಡಿ. ಸೇಬಿನ ಲಾರಿಗಳು ಶುರುವಾದರೆ ನಾರ್ಕಂಡಾ ಮುಟ್ಟುವುದು ಮಧ್ಯಾಹ್ನವಾಗುತ್ತದೆ.’ ಹಾಗೆಯೇ ಮಾಡಿದೆವು. ನಾರ್ಕಂಡಾದಲ್ಲಿ ದೇವದಾರುಗಳ ನಡುವೆ ಚಹಾ ಕುಡಿದು, ಸತ್ಲುಜ್ ದಂಡೆಗೆ ಇಳಿದಾಗ ಜಾಕೆಟ್ ಬಿಚ್ಚುವಷ್ಟು ಸೆಕೆ.

ಝಾಕ್ರಿಯಲ್ಲಿ ಇರುವ ಗೆಳೆಯ ಸಾಗರದ ಕಡೆಯವನು. ಶರಾವತಿಯ ವಿದ್ಯುತ್ ಯೋಜನೆಯ ಕಥೆ ಕೇಳುತ್ತಾ ಬೆಳೆದವನಿಗೆ ಸತ್ಲುಜ್ ದಂಡೆಯಲ್ಲಿ ಕೆಲಸ ಸಿಕ್ಕಿದೆ. ಇಲ್ಲಿನ ನಾಥ್ಪಾ ಝಾಕ್ರಿ ಯೋಜನೆ 1,500 ಮೆಗಾವಾಟ್‌ನದು. ನಾಥ್ಪಾದಲ್ಲಿ ತಿರುಗಿಸಿದ ನದಿನೀರು ಬೆಟ್ಟದೊಳಗೆ 27 ಕಿ.ಮೀ.ಗೂ ಉದ್ದದ ಸುರಂಗದಲ್ಲಿ ಹರಿದು, ನೆಲದಡಿಯ ವಿದ್ಯುದಾಗಾರ ಸೇರುತ್ತದೆ. ಮಳೆಗಾಲದಲ್ಲಿ ನೀರಿನ ಹೂಳು ಮಿತಿಮೀರಿದರೆ ಯಂತ್ರಗಳನ್ನೇ ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ಮರಳು ಟರ್ಬೈನ್ ರೆಕ್ಕೆಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ.

ಮನೆಯಲ್ಲಿ ಅವನ ಅಮ್ಮ ಇದ್ದರು. ಬಾಲ್ಕನಿಯ ಕುಂಡದಲ್ಲಿ ಒಂದೆಲಗ ಬೆಳೆಸಿದ್ದರು. ಊಟಕ್ಕೆ ಅದರದ್ದೇ ತಂಬುಳಿ. ‘ಇನ್ನೊಂಚೂರು ಹಾಕ್ಕೊಳ್ಳೇ ತಂಗಿ’ ಎಂದು ನನ್ನ ಹೆಂಡತಿಗೆ ಮತ್ತೆ ಮತ್ತೆ ಬಡಿಸಿದರು. ಅಮ್ಮ ಇಲ್ಲೇಕೆ ಇದ್ದಾರೆ ಎಂಬುದು ಅವರು ಮಲಗಿದ ಮೇಲೆ ತಿಳಿಯಿತು.

ಎರಡು ಮಳೆಗಾಲದ ಹಿಂದೆ ಅವನ ಅಪ್ಪ ತೀರಿಕೊಂಡರು. ಫೋನ್ ಬಂದಾಗ ಹೆದ್ದಾರಿ ಎರಡು ಕಡೆ ಕುಸಿದಿತ್ತು. ಒಂದು ಕುಸಿತವನ್ನು ನಡೆದೇ ದಾಟಿ, ಮೂರು ವಾಹನ ಬದಲಿಸಿ, ಚಂಡೀಗಢ ತಲುಪಿ ವಿಮಾನ ಹಿಡಿದು ಸಾಗರ ಮುಟ್ಟುವಷ್ಟರಲ್ಲಿ ಮೂರನೇ ದಿನ. ತಮ್ಮ ಕೊಳ್ಳಿ ಇಟ್ಟಾಗಿತ್ತು. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂದು ‘ಓಂ ಶಾಂತಿ’ ಸಾಲುಗಟ್ಟಿತ್ತು. ಈ ದಾರಿಯ ಕಥೆ ಮಾತ್ರ ಅಲ್ಲಿಗೆ ಬಂದಿರಲಿಲ್ಲ. ‘ಅದನ್ನೆಲ್ಲ ಟೈಪ್ ಮಾಡೋಕಾಗ್ತದೇನೋ ಮಾರಾಯ?’ ಎಂದ.

ಅಂದಿನಿಂದ ಅವನದೊಂದು ವ್ಯವಸ್ಥೆ. ರಸ್ತೆ ಕೈಕೊಡುವುದು ಮಳೆಗಾಲದಲ್ಲಿ ತಾನೆ? ಅಮ್ಮ ಜೂನ್‌ನಲ್ಲಿ ಇಲ್ಲಿಗೆ ಬಂದು ಅಕ್ಟೋಬರ್‌ನಲ್ಲಿ ಊರಿಗೆ ಮರಳುತ್ತಾರೆ. ‘ನಮ್ ಕಡೆ ಮಳೆ ಬಂದ್ರೆ ಗದ್ದೆಗೆ ಖುಷಿ. ಇಲ್ಲಿ ಮಳೆ ಬಂದ್ರೆ ಜೀವ ಕೈಯಲ್ಲಿ’ ಎಂದು ಬೆಳಿಗ್ಗೆ ಆ ತಾಯಿ ನಕ್ಕರು. ಊರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾವು ಕಿ.ಮೀ. ಹೇಳುತ್ತೇವೆ, ಇಲ್ಲವೇ ವಿಮಾನದ ಗಂಟೆ ಹೇಳುತ್ತೇವೆ. ಆ ಲೆಕ್ಕ ರಸ್ತೆ ತೆರೆದಿರುವ ದಿನಗಳದ್ದು ಮಾತ್ರ.

ಮುಂದಿನ ದಾರಿಯಲ್ಲಿ ಪರಿಚಯದವರಿಲ್ಲ, ಬೆಟ್ಟಗಳೇ ಎಲ್ಲ. ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ ಕಲ್ಪಾದಲ್ಲಿ ತಂಗಿದೆವು. ಖಾಬ್‌ನಲ್ಲಿ ಸ್ಪಿತಿ ನದಿ ಸತ್ಲುಜ್ ಸೇರುವುದನ್ನು ಕಂಡೆವು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೊ ಬೌದ್ಧವಿಹಾರದ ಮಣ್ಣಿನ ಗೋಡೆಗಳ ಒಳಗೆ ಕತ್ತಲಲ್ಲಿ ಹೊಳೆಯುವ ಚಿತ್ರಗಳನ್ನು ನೋಡಿ ಕಾಜಾ ಮುಟ್ಟಿದೆವು. ಅಲ್ಲಿನ ಎತ್ತರ ಸುಮಾರು 3,650 ಮೀಟರ್. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಮನುಷ್ಯರಂತೆ ಎಂಜಿನ್ನಿಗೂ ಏದುಸಿರು. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕು ಗಾಳಿಗೆ ತಕ್ಕಂತೆ ಪೆಟ್ರೋಲ್ ಇಳಿಸಿಕೊಳ್ಳುತ್ತದೆ, ಆದರೆ ಕಳೆದುಹೋದ ಶಕ್ತಿಯನ್ನು ತಂದುಕೊಡುವುದಿಲ್ಲ. ಅಲ್ಲಿ ಒಂದು ದಿನ ಸುಮ್ಮನೆ ಕುಳಿತು ಮೈ ಒಗ್ಗಿಸಿಕೊಂಡೆವು.

ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಪಾಸ್‌ವರೆಗೆ ಅವಳು ಓಡಿಸಿದಳು. ಆಚೆಗಿನ ಕಲ್ಲುದಾರಿ ನನ್ನ ಪಾಲಿಗೆ ಬಂತು. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ತೊರೆಗಳು ಉಕ್ಕುತ್ತವೆ. ಅದಕ್ಕೇ ನಸುಕಿನಲ್ಲೇ ಹೊರಟಿದ್ದೆವು. ಸಂಜೆ 2020ರಲ್ಲಿ ಉದ್ಘಾಟನೆಯಾದ, 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿದೊಡನೆ ಮತ್ತೆ ಹಸಿರು.

ಮಂಡಿ ಹತ್ತಿರದ ಕಮಾಂದ್ ಕಣಿವೆಯಲ್ಲಿ ಐಐಟಿ ಇದೆ. ಸಹಪಾಠಿ ಅಲ್ಲಿ ಸಂಶೋಧನೆಯಲ್ಲಿದ್ದಾನೆ. ಝಾಕ್ರಿಯ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, ಅವನ ಸಂಸ್ಥೆಯವರೇ ರೂಪಿಸಿರುವ ಭೂಕುಸಿತ ಮುನ್ನೆಚ್ಚರಿಕೆ ಸಾಧನದ ವಿಷಯ ತೆಗೆದ. ಇಳಿಜಾರಿನಲ್ಲಿ ನೆಟ್ಟ ಸೆನ್ಸರ್‌ಗಳು ಮಣ್ಣಿನ ತೇವವನ್ನೂ ಅಲುಗಾಟವನ್ನೂ ಅಳೆದು, ಅಪಾಯ ಕಂಡರೆ ರಸ್ತೆಬದಿಯ ದೀಪ, ಸೈರನ್‌ನಿಂದ ಎಚ್ಚರಿಸುತ್ತವೆ. 2017ರ ಆಗಸ್ಟ್‌ನಲ್ಲಿ ಬಸ್ಸುಗಳ ಮೇಲೆಯೇ ಗುಡ್ಡ ಜರಿದು ಹಲವರು ಪ್ರಾಣ ಕಳೆದುಕೊಂಡ ಕೋಟ್ರೋಪಿ ಇದೇ ಜಿಲ್ಲೆಯಲ್ಲಿದೆ. ದಿನವಿಡೀ ಸರ್ವರ್‌ಗಳ ಎಚ್ಚರಿಕೆ ಸಂದೇಶ ನೋಡುವ ನನಗೆ ‘ಅಲರ್ಟ್’ ಎಂಬ ಪದದ ತೂಕ ಅಲ್ಲಿ ಬೇರೆಯೇ ಅನ್ನಿಸಿತು.

ಹೀಗೆ ಪ್ರವಾಸ ಮಾಡುವವರಿಗೆ ಎರಡು ಮಾತು. ಗೆಳೆಯರ ಮನೆ ಪುಕ್ಕಟೆ ಲಾಡ್ಜ್ ಅಲ್ಲ. ಮೊದಲೇ ತಿಳಿಸಿ, ಒಂದು ರಾತ್ರಿ ಸಾಕು, ಅವರು ರಜೆ ಹಾಕುವಂತೆ ಮಾಡಬೇಡಿ. ಬೆಟ್ಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಬೈಕ್ ಓಡಿಸುವುದು ಬೇಡ. ‘ಊಟಕ್ಕೆ ಕಾಯುತ್ತಿದ್ದಾರೆ’ ಎಂಬ ಆತುರವಂತೂ ಬೇಡವೇ ಬೇಡ.

ಪುಣೆಯವರಿಗೆ ಸಹ್ಯಾದ್ರಿ ಇದೆ, ಚೆನ್ನೈಯವರಿಗೆ ನೀಲಗಿರಿ ಇದೆ, ಹೈದರಾಬಾದಿನವರು ಅರಕು ಕಣಿವೆಗೆ ಹೋಗಬಹುದು. ಆ ದಾರಿಗಳಲ್ಲೂ ನಿಮ್ಮ ಯಾರೋ ಒಬ್ಬ ಗೆಳೆಯನ ಕ್ವಾರ್ಟರ್ಸ್ ಇರುತ್ತದೆ. ಫೋನಿನಲ್ಲಿ ಕೇಳಿದರೆ ಅವನು ‘ಆರಾಮ್’ ಎಂದೇ ಹೇಳುತ್ತಾನೆ. ಒಂದು ಸಲ ಎದುರು ಕುಳಿತು ಕೇಳಿ ಬನ್ನಿ.