ಭೇರ್ಯ ಪ್ರದೇಶದಲ್ಲಿ ಕಲಾ ಪದವಿ ಕಾಲೇಜಿನ ಆಯ್ಕೆ

ಮೈಸೂರು ಜಿಲ್ಲೆಯ ಕೃಷ್ಣರಾಜನಗರ ಭಾಗದ ಭೇರ್ಯ ಮತ್ತು ಸುತ್ತಲಿನ ಗ್ರಾಮಗಳ ವಿದ್ಯಾರ್ಥಿಗಳಿಗೆ ದ್ವಿತೀಯ ಪಿಯುಸಿಯ ನಂತರ ಬಿ.ಎ. ಓದಲು ಮುಖ್ಯವಾಗಿ ಎರಡು ಮಾರ್ಗಗಳಿವೆ: ತಾಲ್ಲೂಕು ಮಟ್ಟದ ಸಣ್ಣ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಅಥವಾ ಮೈಸೂರು ನಗರದ ಕಾಲೇಜು. ಕೃಷ್ಣರಾಜನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಸರ್ಕಾರಿ ಕಾಲೇಜುಗಳಿವೆ. ಹುಣಸೂರಿನ ಕಾಲೇಜಿಗೆ ಡಿ. ದೇವರಾಜ ಅರಸರ ಹೆಸರಿದೆ. ಮೈಸೂರಿನ ಮಹಾರಾಜ ಕಾಲೇಜಿನ ಮೂಲ 1833ರ ಶಾಲೆಯಲ್ಲಿದೆ. ಅದು ಕಲಾ ವಿಷಯಗಳಿಗೆ ಹೆಸರಾಗಿದ್ದು, ವಿಜ್ಞಾನದ ಬೋಧನೆ ಯುವರಾಜ ಕಾಲೇಜಿನಲ್ಲಿ ನಡೆಯುತ್ತದೆ.

ಕಾಲೇಜಿನ ಹೆಸರಿಗಿಂತ ಅಲ್ಲಿ ದೊರೆಯುವ ವಿಷಯ ಸಂಯೋಜನೆಯೇ ಆಯ್ಕೆಯಲ್ಲಿ ಮುಖ್ಯ. ಸಣ್ಣ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡದಂತಹ ವಿಷಯಗಳಿರುತ್ತವೆ. ಪತ್ರಿಕೋದ್ಯಮ, ಮನಶ್ಶಾಸ್ತ್ರ, ತತ್ತ್ವಶಾಸ್ತ್ರ ಬೇಕೆನ್ನುವವರು ಹೆಚ್ಚಾಗಿ ನಗರವನ್ನೇ ಅವಲಂಬಿಸಬೇಕಾಗುತ್ತದೆ. ಅನೇಕ ಸ್ನಾತಕೋತ್ತರ ಕೋರ್ಸುಗಳಿಗೆ ಆ ವಿಷಯವನ್ನು ಪದವಿಯಲ್ಲಿ ಓದಿರಬೇಕಾದುದರಿಂದ, ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಈ ಆಯ್ಕೆಯನ್ನು ಮುಂದೆ ಬದಲಿಸುವುದು ಕಷ್ಟ. ಇನ್ನೊಂದೆಡೆ, ಕಡಿಮೆ ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಅಧ್ಯಾಪಕರ ನೇರ ಗಮನ ಸಿಗುವ ಸಾಧ್ಯತೆ ಹೆಚ್ಚು.

ಪ್ರವೇಶದ ಅರ್ಜಿಯನ್ನು ರಾಜ್ಯದ ಏಕೀಕೃತ ಜಾಲತಾಣದಲ್ಲಿ ಸಲ್ಲಿಸಿ, ಮೂಲ ದಾಖಲೆಗಳನ್ನು ಕಾಲೇಜಿನಲ್ಲಿ ಪರಿಶೀಲನೆಗೆ ಒದಗಿಸಬೇಕು. ಸೀಟುಗಳ ಹಂಚಿಕೆ ಅಂಕ ಹಾಗೂ ಮೀಸಲಾತಿಯನ್ನು ಅನುಸರಿಸುತ್ತದೆ. ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಬೇರೆಯೇ. ಸೀಟು ದೊರೆತು ವಸತಿ ದೊರೆಯದವರು ಕೊಠಡಿ ಬಾಡಿಗೆಯನ್ನು ಭರಿಸಬೇಕು, ಇಲ್ಲವೇ ನಿತ್ಯ ಪ್ರಯಾಣಿಸಬೇಕು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರ ಪ್ರಯಾಣವೆಚ್ಚ ಇಲ್ಲವಾಗಿದೆ. ಪ್ರಯಾಣದ ಸಮಯ ಮಾತ್ರ ಹಾಗೆಯೇ ಉಳಿದಿದೆ. 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ಕ್ರಮವನ್ನು ಕೈಬಿಟ್ಟು, 2024ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು.