ಕಪಿಯ ಕಳೇಬರ ನುಡಿದ ಸಾಕ್ಷ್ಯ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಲುಸಾಲಾಗಿ ಸತ್ತವು. ಸುತ್ತಣ ಹಳ್ಳಿಗರು ಜ್ವರದಿಂದ ನರಳಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರವೂ ಕಾಡಿನ ಕಪಿಗಳನ್ನು ಹೀಗೆಯೇ ಕೊಲ್ಲುವುದರಿಂದ, ಅದೇ ಭರತಖಂಡಕ್ಕೆ ಕಾಲಿಟ್ಟಿತೋ ಎಂಬ ಭೀತಿ ತಜ್ಞರನ್ನು ಆವರಿಸಿತು. ಉತ್ತರ ದೊರೆತುದು ಕಪಿಗಳ ಒಡಲಿನಿಂದಲೇ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅವುಗಳ ಅಂಗಗಳಲ್ಲಿ ಕಂಡ ವೈರಸ್ಸು ಹಳದಿ ಜ್ವರದ್ದಲ್ಲ, ಉಣುಗುಗಳು ಹರಡುವಂಥದು. ಕಳೇಬರವನ್ನು ಸೀಳಿ ಸಾವಿನ ಕಾರಣವನ್ನರಸುವ ಪಶುರೋಗತಜ್ಞರ ಕಾಯಕ ಇಂದಿಗೂ ನಿಂತಿಲ್ಲ. ಈ ಸಂಶೋಧನೆಯಲ್ಲಿ ತಾವೇ ಸೋಂಕಿಗೆ ಈಡಾದವರೂ ಉಂಟು.

ಸತ್ತ ಮಂಗನನ್ನು ಹನುಮನೆಂದು ಭಾವಿಸಿ, ಹೂವೇರಿಸಿ ಹೂಳುವವರ ಭಕ್ತಿಯನ್ನು ನಾವು ಹಳಿಯೆವು. ಆದರೆ ಪ್ರಾಣ ಹೋದ ಮೈಯಿಂದ ಉಣುಗುಗಳು ಉದುರಿ ಬೇರೆ ಆಸರೆ ಹುಡುಕುತ್ತವೆ. ಮಲೆನಾಡಿನ ಬಂಧುಗಳು ಕಳೇಬರವನ್ನು ಮುಟ್ಟದೆ ಪಶುವೈದ್ಯರಿಗೆ ಸುದ್ದಿ ಕಳುಹಿಸತಕ್ಕದ್ದು. ಮಾದರಿ ತೆಗೆದ ಮೇಲೆ ಅದನ್ನು ಸುಡಿಸುತ್ತಾರೆ.