ಹಿತ್ತಲಿಗೆ ಬರುವ ಅಪೂರ್ವ ಪಕ್ಷಿ: ನವರಂಗ

ಕಾಗೆ, ಗುಬ್ಬಿ, ಗೊರವಂಕಗಳು ರೈತನ ಹಿತ್ತಲಿನಲ್ಲಿ ನಿತ್ಯವೂ ಕಾಣುವ ಪಕ್ಷಿಗಳಾದುದರಿಂದ ಅವುಗಳ ಕಡೆಗೆ ಯಾರೂ ವಿಶೇಷವಾಗಿ ಗಮನ ಕೊಡುವುದಿಲ್ಲ. ಆದರೆ ಮಳೆಗಾಲವು ಮುಗಿದು ಚಳಿಯು ಪ್ರಾರಂಭವಾಗುವ ಆಶ್ವಯುಜ ಕಾರ್ತಿಕ ಮಾಸಗಳಲ್ಲಿ, ಬಹುದೂರದಿಂದ ಬಂದ ಅಪರೂಪದ ಹಕ್ಕಿಗಳು ನಮ್ಮ ಬಾಳೆ, ಹಲಸು, ಕರಿಬೇವುಗಳ ನೆರಳಿನಲ್ಲಿ ಇಳಿಯುವುದುಂಟು. ಇವನ್ನು ಗುರುತಿಸಿ ನೋಡುವ ಸಂತೋಷಕ್ಕೆ ಕಾಸಿನ ಖರ್ಚೂ ಇಲ್ಲ. ಬೇಸಾಯಗಾರನಿಗೆ ಅದರಿಂದ ಪ್ರಯೋಜನವೂ ಉಂಟು.

ಗುರುತು.—ಇಂತಹ ಅತಿಥಿಗಳಲ್ಲಿ ನವರಂಗವು ಬಹು ಸುಂದರವಾದುದು. ಗೊರವಂಕಕ್ಕಿಂತ ಸ್ವಲ್ಪ ಚಿಕ್ಕದು, ಬಾಲವು ಮೊಟಕು. ಬೆನ್ನು ಹಸುರು, ಗಂಟಲು ಬಿಳುಪು, ಎದೆ ತಿಳಿಗಂದು, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಬಾಲದ ಕೆಳಗೆ ಕಡುಗೆಂಪು. ಕಣ್ಣಿನ ಮೇಲೆ ಹಾದುಹೋಗುವ ಅಗಲವಾದ ಕಪ್ಪು ಪಟ್ಟೆ. ಇದು ನೆಲದ ಮೇಲೆ ಕುಪ್ಪಳಿಸುತ್ತ ತರಗೆಲೆಗಳನ್ನು ಮಗುಚಿ ಹುಳುಗಳನ್ನು ಆರಿಸಿ ತಿನ್ನುವುದು. ಬೆಳಗ್ಗೆ ಮತ್ತು ಸಂಜೆ ಎರಡು ಸ್ವರದ ಶಿಳ್ಳೆ ಹಾಕುವುದು. ಈ ಕಾರಣದಿಂದಲೇ ತಮಿಳರು ಇದನ್ನು 'ಆರು ಗಂಟೆಯ ಗುಬ್ಬಿ' ಎಂಬರ್ಥದ ಹೆಸರಿನಿಂದ ಕರೆಯುವರು.

ಸಂಚಾರ.—ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಕಾಡುಗಳಲ್ಲಿ ಮಳೆಗಾಲದಲ್ಲಿ ಮರಿಮಾಡಿ, ಅನಂತರ ದಕ್ಷಿಣಕ್ಕೂ ಸಿಂಹಳಕ್ಕೂ ಬರುವುದು. ಬೇಸಗೆಯಲ್ಲಿ ಹಿಂದಿರುಗುವುದು. ಪ್ರಯಾಣವು ರಾತ್ರಿಯಲ್ಲಿ ನಡೆಯುವುದರಿಂದ, ಬಳಲಿದ ಹಕ್ಕಿಯು ಬೆಳಗಾಗುವಾಗ ಜಗಲಿಯಲ್ಲಿಯೋ ಅಂಗಳದಲ್ಲಿಯೋ ಬಿದ್ದಿರುವುದುಂಟು. ನೂರಾರು ಹರದಾರಿ ಹಾರಿಬಂದ ಪ್ರಾಣಿಯು ಆಗ ಬೆಕ್ಕಿನ ಬಾಯಿಗೋ ಹುಡುಗರ ಕವಣೆಗೋ ಸುಲಭವಾಗಿ ಸಿಕ್ಕಿ ಸಾಯುವುದು ಶೋಚನೀಯವಾದ ಸಂಗತಿ.

ಇತರ ಪಕ್ಷಿಗಳು.—ತಲೆಯ ಮೇಲೆ ಬೀಸಣಿಗೆಯಂತಹ ಜುಟ್ಟುಳ್ಳ ಚಂದ್ರಮುಕುಟವು ತನ್ನ ಉದ್ದವಾದ ಕೊಕ್ಕಿನಿಂದ ಮಣ್ಣನ್ನು ಚುಚ್ಚಿ ಗೊಬ್ಬರದ ಹುಳುಗಳಂತಹ ಮರಿಹುಳುಗಳನ್ನು ಹೊರತೆಗೆಯುವುದು. ಬಿಳಿಯ ನಾಡದಂತೆ ಬಾಲವುಳ್ಳ ರಾಜಹಕ್ಕಿಯು ಹಾರುವ ಕೀಟಗಳನ್ನು ಗಾಳಿಯಲ್ಲಿಯೇ ಹಿಡಿಯುವುದು.

ಹಿತ್ತಲುಳ್ಳವರು ಮಾಡತಕ್ಕದ್ದು.—

1. ಹಿತ್ತಲಿನ ಒಂದು ಮೂಲೆಯಲ್ಲಿ ತರಗೆಲೆಗಳನ್ನು ಸುಡದೆ ಬಿಡುವುದು. ಅವು ಗೊಬ್ಬರವಾಗುವುವು, ಹಕ್ಕಿಗೆ ಮೇವೂ ದೊರೆಯುವುದು.

2. ಕೀಟನಾಶಕಗಳನ್ನು ಅವಶ್ಯವಿಲ್ಲದೆ ಸಿಂಪಡಿಸದಿರುವುದು.

3. ಬಳಲಿದ ಹಕ್ಕಿ ಸಿಕ್ಕಿದರೆ, ಗಾಳಿಯಾಡುವ ಬುಟ್ಟಿಯಲ್ಲಿ, ಕತ್ತಲಾದ ನಿಶ್ಶಬ್ದ ಸ್ಥಳದಲ್ಲಿಟ್ಟು, ಚೇತರಿಸಿಕೊಂಡ ಮೇಲೆ ಪೊದೆಯ ಬಳಿ ಬಿಡುವುದು. ಕೊಕ್ಕಿಗೆ ಬಲವಂತವಾಗಿ ನೀರು ಹಾಕಬಾರದು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು.

4. ಹಕ್ಕಿಯನ್ನು ಮೊದಲು ಕಂಡ ದಿನವನ್ನು ವರ್ಷವರ್ಷವೂ ಬರೆದಿಡುವುದು. ಡಾ. ಸಲೀಂ ಅಲಿಯವರು ಮೈಸೂರು ಸೀಮೆಯ ಪಕ್ಷಿಗಳ ವಿಷಯವಾಗಿ 1942-43ರಲ್ಲಿ ಪ್ರಕಟಿಸಿದ ವರದಿಗೂ ಸ್ಥಳ, ದಿನಗಳ ಇಂತಹ ಟಿಪ್ಪಣಿಗಳೇ ಆಧಾರ.

ಈ ಪಕ್ಷಿಗಳನ್ನು ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗ್ರಾಮದ ಮುಖಂಡರು ಇದನ್ನು ಊರಿನವರಿಗೆ, ಮುಖ್ಯವಾಗಿ ಹುಡುಗರಿಗೆ, ತಿಳಿಯಹೇಳಬೇಕು. ಕವಣೆ ಹಿಡಿದ ಹುಡುಗನಿಗೆ ಹಕ್ಕಿಯ ಹೆಸರನ್ನೂ ಅದು ಬಂದ ದಾರಿಯನ್ನೂ ಒಮ್ಮೆ ತಿಳಿಸಿಕೊಟ್ಟರೆ, ಗದರಿಸುವುದಕ್ಕಿಂತ ಹೆಚ್ಚಿನ ಫಲ ದೊರೆಯುವುದು.